ಕಂಪ್ಯೂಟರ್ ಪ್ರಶ್ನೋತ್ತರ: ಹಳೆಯ ಆಟ, ಹೊಸ ಯಂತ್ರ

ಹಳೆಯ ಕಂಪ್ಯೂಟರ್ ಆಟಗಳನ್ನು ಈಗಿನ ಯಂತ್ರಗಳಲ್ಲಿ ಆಡುವುದು ಹೇಗೆಂದು ಕೇಳಿ ಕರಾವಳಿಯ ಓದುಗರು ಬರೆದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರಗಳು ದೀರ್ಘವಾಗಿದ್ದುದರಿಂದ ಮುಖ್ಯ ಭಾಗವನ್ನಷ್ಟೇ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ನಮ್ಮ ಮನೆಗೆ ಬಂದ ಮೊದಲ ಕಂಪ್ಯೂಟರಿನಲ್ಲಿ ನಾನೂ ತಮ್ಮನೂ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡುತ್ತಿದ್ದೆವು. 60 ನಿಮಿಷಗಳೊಳಗೆ ರಾಜಕುಮಾರಿಯನ್ನು ಬಿಡಿಸಬೇಕಾದ ಆ ಆಟದ ಕಡತಗಳನ್ನು ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಪೆನ್‌ಡ್ರೈವಿಗೆ ಹಾಕಿಕೊಂಡು ಕಾಪಾಡಿದ್ದೇನೆ. ಈಗ ಮಗಳ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ತೆರೆದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ ಎಂಬ ಸಂದೇಶ ಬರುತ್ತದೆ. ಪರಿಚಯದವರೊಬ್ಬರು ಕಡತವೇ ಹಾಳಾಗಿದೆ, ಅಳಿಸಿಬಿಡಿ ಎನ್ನುತ್ತಾರೆ. ಏನು ಮಾಡಲಿ?
— ಓದುಗರು, ಕದ್ರಿ, ಮಂಗಳೂರು

ಉತ್ತರ: ದಯವಿಟ್ಟು ಅಳಿಸಬೇಡಿ. ಕಡತ ಹಾಳಾಗಿದೆ ಎನ್ನಲು ಆ ಸಂದೇಶವೊಂದೇ ಸಾಲದು. ವಿಂಡೋಸ್‌ಗಿಂತ ಮೊದಲು ಪಿಸಿಗಳನ್ನು ನಡೆಸುತ್ತಿದ್ದ ಡಾಸ್ ಎಂಬ ವ್ಯವಸ್ಥೆಗೆಂದು ಬರೆದ, ಎಲ್ಲ ರೀತಿಯಿಂದಲೂ ಸರಿಯಾಗಿರುವ ಆಟವನ್ನು ತೆರೆದರೂ ವಿಂಡೋಸ್ 11 ಇದೇ ಮಾತನ್ನು ಹೇಳುತ್ತದೆ.

ಜೋರ್ಡನ್ ಮೆಕ್ನರ್ ರೂಪಿಸಿದ ಈ ಆಟ 1989ರಲ್ಲಿ ಮೊದಲು ಆ್ಯಪಲ್ 2 ಯಂತ್ರಕ್ಕಾಗಿ ಬಂತು. ನಮ್ಮ ಮನೆಗಳಿಗೆ ತಲುಪಿದ್ದು ಅದರ ಮರುವರ್ಷ ಹೊರಬಂದ ಡಾಸ್ ಆವೃತ್ತಿ. ಆಗಿನ ಡಾಸ್ ಆಟಗಳು 16 ಬಿಟ್ ಪ್ರೊಸೆಸರಿಗೆಂದು (ಪ್ರೊಸೆಸರು ಒಮ್ಮೆಗೆ ಎಷ್ಟು ದೊಡ್ಡ ಸಂಖ್ಯೆಯನ್ನು ನಿಭಾಯಿಸುತ್ತದೆ ಎಂಬುದರ ಅಳತೆ ಈ ಬಿಟ್) ಬರೆದವು, ಮತ್ತು ಅವು ನಡುವೆ ಯಾರನ್ನೂ ಇಟ್ಟುಕೊಳ್ಳದೆ ಪರದೆ, ಕೀಲಿಮಣೆ ಹಾಗೂ ಧ್ವನಿ ಕಾರ್ಡುಗಳೊಂದಿಗೆ ನೇರವಾಗಿ ವ್ಯವಹರಿಸುತ್ತಿದ್ದವು. ಇಂಥ ಪ್ರೋಗ್ರಾಂಗಳನ್ನು ನಡೆಸಲು 32 ಬಿಟ್ ವಿಂಡೋಸ್‌ನಲ್ಲಿ ಒಂದು ಪ್ರತ್ಯೇಕ ಏರ್ಪಾಡಿತ್ತು. ಪ್ರೊಸೆಸರು ತಾನು 8086 ಎಂಬ ಹಳೆಯ 16 ಬಿಟ್ ಪ್ರೊಸೆಸರು ಎಂಬಂತೆ ವರ್ತಿಸಬಲ್ಲ ಒಂದು ಸ್ಥಿತಿಯನ್ನು ಆಧರಿಸಿ ಅದು ಕೆಲಸ ಮಾಡುತ್ತಿತ್ತು. ಪ್ರೊಸೆಸರು 64 ಬಿಟ್ ರೀತಿಯಲ್ಲಿ ಓಡುವಾಗ ಆ ಸ್ಥಿತಿ ಲಭ್ಯವಿರುವುದಿಲ್ಲವಾದ್ದರಿಂದ 64 ಬಿಟ್ ವಿಂಡೋಸ್‌ನಲ್ಲಿ ಆ ಏರ್ಪಾಡನ್ನು ಇಡಲಿಲ್ಲ. ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿಯೂ ಇತ್ತು, ವಿಂಡೋಸ್ 11 ಬಂದಿರುವುದು 64 ಬಿಟ್‌ನಲ್ಲಿ ಮಾತ್ರ. ಪ್ರಾಪರ್ಟೀಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ಪುಟದಲ್ಲಿ ‘ವಿಂಡೋಸ್ 95’ ಎಂದು ಆರಿಸಿ ನೋಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಆ ಸೌಲಭ್ಯವಿರುವುದು ಹಳೆಯ ವಿಂಡೋಸ್ ಪ್ರೋಗ್ರಾಂಗಳಿಗೆ. ಡಾಸ್ ಆಟಕ್ಕೆ ಅದರಿಂದ ಏನೂ ಪ್ರಯೋಜನವಾಗದು.

ನಿಮಗೆ ಬೇಕಾದದ್ದು ‘ಡಾಸ್‌ಬಾಕ್ಸ್’ ಎಂಬ ಉಚಿತ ತಂತ್ರಾಂಶ. 2002ರಿಂದ ಲಭ್ಯವಿರುವ ಇದು ಒಂದು ಇಡೀ ಹಳೆಯ ಪಿಸಿಯನ್ನು, ಎಂದರೆ ಅದರ ಪ್ರೊಸೆಸರು, ವಿಜಿಎ ಪರದೆ, ಸೌಂಡ್ ಬ್ಲಾಸ್ಟರ್ ಧ್ವನಿ ಕಾರ್ಡು ಎಲ್ಲವನ್ನೂ, ಸಾಫ್ಟ್‌ವೇರಿನಲ್ಲೇ ಅನುಕರಿಸುತ್ತದೆ. ಆಟದ ಕಡತಗಳನ್ನು ಲ್ಯಾಪ್‌ಟಾಪಿನ ಒಂದು ಫೋಲ್ಡರಿಗೆ ಹಾಕಿಕೊಳ್ಳಿ. ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಎಂಟನ್ನು ಮೀರದಿರಲಿ, ನಡುವೆ ಖಾಲಿ ಜಾಗವೂ ಬೇಡ, ಏಕೆಂದರೆ ಡಾಸ್‌ಗೆ ಅದಕ್ಕಿಂತ ಉದ್ದದ ಹೆಸರು ತಿಳಿಯದು. ಡಾಸ್‌ಬಾಕ್ಸ್ ತೆರೆದಾಗ ‘ಝಡ್’ ಡ್ರೈವಿನ ಸೂಚನೆಯೊಂದಿಗೆ ಕಪ್ಪು ಪರದೆ ಕಾಣುತ್ತದೆ. ಅಲ್ಲಿ ‘ಮೌಂಟ್’ ಎಂಬ ಆಜ್ಞೆ, ಒಂದು ಜಾಗ ಬಿಟ್ಟು ‘ಸಿ’ ಎಂಬ ಅಕ್ಷರ, ಮತ್ತೊಂದು ಜಾಗ ಬಿಟ್ಟು ಆ ಫೋಲ್ಡರಿನ ಪೂರ್ಣ ವಿಳಾಸ ಬರೆದು ಎಂಟರ್ ಒತ್ತಿ. ಈಗ ಆ ಫೋಲ್ಡರೇ ಡಾಸ್‌ಬಾಕ್ಸಿನ ಪಾಲಿಗೆ ‘ಸಿ’ ಡ್ರೈವ್ ಆಗುತ್ತದೆ. ‘ಸಿ’ ಅಕ್ಷರ ಮತ್ತು ಕೋಲನ್ ಬರೆದು ಅಲ್ಲಿಗೆ ಹೋಗಿ, ‘ಪ್ರಿನ್ಸ್’ ಎಂದು ಬರೆದರೆ ಆಟ ತೆರೆದುಕೊಳ್ಳಬೇಕು.

ಚಿತ್ರ ಅಡ್ಡಕ್ಕೆ ಎಳೆದಂತಾಗಿ ರಾಜಕುಮಾರ ಕುಳ್ಳಗೆ ಕಂಡರೆ ಅದಕ್ಕೂ ಕಾರಣವಿದೆ. ಆಟದ ಚಿತ್ರ 320 ಅಡ್ಡ ಚುಕ್ಕೆ, 200 ಉದ್ದ ಚುಕ್ಕೆಗಳದ್ದು. ಹಿಂದಿನ 4:3 ಪ್ರಮಾಣದ ಮಾನಿಟರು ಅದನ್ನು ತನ್ನ ಪರದೆ ತುಂಬುವಂತೆ ಮೇಲಕ್ಕೆ ಹಿಗ್ಗಿಸಿ ತೋರಿಸುತ್ತಿತ್ತು, ಚಿತ್ರಕಾರರು ಬರೆದದ್ದೂ ಆ ಹಿಗ್ಗುವಿಕೆಯನ್ನು ಲೆಕ್ಕಕ್ಕೆ ಹಿಡಿದೇ. ಡಾಸ್‌ಬಾಕ್ಸಿನ ಹೊಂದಾಣಿಕೆಯ ಕಡತದಲ್ಲಿ ‘ಆಸ್ಪೆಕ್ಟ್’ ಎಂಬುದರ ಮುಂದೆ ‘ಟ್ರೂ’ ಎಂದು ಬದಲಿಸಿದರೆ ಆ ಹಳೆಯ ಪ್ರಮಾಣ ಮರಳುತ್ತದೆ. ಬಹಳ ಜನ ಇದನ್ನು ಗಮನಿಸದೆ ಬಿಡುತ್ತಾರೆ. ನನಗಂತೂ ಇದು ಅಗತ್ಯವಾಗಿ ಮಾಡಬೇಕಾದ ಕೆಲಸವೆಂದೇ ತೋರುತ್ತದೆ. ಕಂಟ್ರೋಲ್ ಕೀಲಿಯೊಂದಿಗೆ ಎಫ್11 ಒತ್ತಿದರೆ ಅನುಕರಿಸಿದ ಪ್ರೊಸೆಸರಿನ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಚಿತ್ರ ಪರದೆ ತುಂಬುತ್ತದೆ. ಬೇರೆ ಆಟಗಳ ಧ್ವನಿ ಹೊಂದಾಣಿಕೆಯಲ್ಲಿ ಪ್ರಶ್ನೆ ಎದುರಾದರೆ ಸೌಂಡ್ ಬ್ಲಾಸ್ಟರ್ 16, ವಿಳಾಸ 220, ಐಆರ್‌ಕ್ಯೂ 7, ಡಿಎಂಎ 1 ಎಂದು ಕೊಡಿ; ಡಾಸ್‌ಬಾಕ್ಸ್ ತಾನಾಗಿ ಇಟ್ಟುಕೊಂಡಿರುವ ಸಂಖ್ಯೆಗಳು ಇವೇ.

ಮೊದಲ ಹಂತ ಮುಗಿದ ಮೇಲೆ ಅಕ್ಷರಗಳನ್ನು ಹೊತ್ತ ಪಾನೀಯಗಳ ಕೋಣೆಯೊಂದು ಬರಬಹುದು. ಆಟದ ಕೈಪಿಡಿಯಲ್ಲಿರುವ ಒಂದು ಪದದ ಅಕ್ಷರಕ್ಕೆ ಹೊಂದುವ ಪಾನೀಯವನ್ನೇ ಕುಡಿಯಬೇಕೆಂಬುದು ಅಲ್ಲಿನ ನಿಯಮ. ನಕಲು ತಡೆಯಲು ಆಗ ಮಾಡಿದ್ದ ಉಪಾಯ ಅದು. ಕೈಪಿಡಿ ಉಳಿದಿದ್ದರೆ ಅದನ್ನೂ ಫೋಟೊ ತೆಗೆದು ಆಟದ ಕಡತಗಳ ಜೊತೆಗೇ ಇಟ್ಟುಕೊಳ್ಳಿ.

ಪ್ರಶ್ನೆ: ಇಂಜಿನಿಯರಿಂಗ್ ಓದುವಾಗ, 1999ರಲ್ಲಿ, ನಾನು ಮತ್ತು ನನ್ನ ಗೆಳತಿ ಸೇರಿ ಕಾಲೇಜಿನ ಲ್ಯಾಬಿನಲ್ಲಿ ಟರ್ಬೊ ಸಿ++ ಎಂಬ, ಪ್ರೋಗ್ರಾಂ ಬರೆಯುವ ತಂತ್ರಾಂಶ ಬಳಸಿ ಹಾವಿನ ಆಟವೊಂದನ್ನು ಬರೆದಿದ್ದೆವು. ಎರಡು ಫ್ಲಾಪಿಗಳು ಉಳಿದಿವೆ. ಒಂದರ ಕಡತಗಳನ್ನು ಯುಎಸ್‌ಬಿ ಫ್ಲಾಪಿ ಡ್ರೈವಿನಿಂದ ತೆಗೆಸಿಕೊಂಡೆ. ಇನ್ನೊಂದರ ತಟ್ಟೆಯ ಮೇಲೆ ಬಿಳಿ ಕಲೆಗಳಿವೆ. ಡಾಸ್‌ಬಾಕ್ಸಿನಲ್ಲಿ ಆಟವನ್ನು ನಡೆಸಿದರೆ ‘ಬಿಜಿಐ ಎರರ್: ಗ್ರಾಫಿಕ್ಸ್ ನಾಟ್ ಇನಿಶಿಯಲೈಸ್ಡ್’ ಎಂದು ಬಂದು ನಿಲ್ಲುತ್ತದೆ. ಮಗ ಮೂಲ ಪ್ರೋಗ್ರಾಂನ್ನು ಈಗಿನ ಕಂಪೈಲರಿಗೆ (ಪ್ರೋಗ್ರಾಂನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಕೊಟ್ಟು ನೋಡಿದ. ಅದು ಮೊದಲ ಸಾಲಿನಲ್ಲೇ ತಪ್ಪು ತೋರಿಸಿತು. ಗೆಳತಿ ಮುಂದಿನ ತಿಂಗಳು ಊರಿಗೆ ಬರುತ್ತಾಳೆ. ಅಷ್ಟರೊಳಗೆ ಇದನ್ನು ನಡೆಸಲು ಸಾಧ್ಯವೇ?
— ಓದುಗರು, ಕಡಿಯಾಳಿ, ಉಡುಪಿ

ಉತ್ತರ: ಖಂಡಿತ ಸಾಧ್ಯ. ಈ ಸಲ ಬಂದ ಪತ್ರಗಳಲ್ಲಿ ನಿಮ್ಮದೇ ನನಗೆ ಅತ್ಯಂತ ಮುಖ್ಯವಾಗಿ ಕಂಡಿತು. ಪೇಟೆಯಲ್ಲಿ ಮಾರಾಟವಾದ ಆಟದ ಒಂದು ಪ್ರತಿ ಕೆಟ್ಟರೆ ಜಗತ್ತಿನಲ್ಲಿ ಬೇರೆ ಪ್ರತಿಗಳಿರುತ್ತವೆ. ನೀವಿಬ್ಬರು ಬರೆದ ಆಟ ಇರುವುದು ನಿಮ್ಮ ಕೈಯಲ್ಲಿರುವ ಆ ಎರಡು ಫ್ಲಾಪಿಗಳಲ್ಲಿ ಮಾತ್ರ. ಹಾಗಾಗಿ ಆಟಕ್ಕಿಂತ ಮೊದಲು ಫ್ಲಾಪಿಯ ಮಾತು.

ಬಿಳಿ ಕಲೆಯಿರುವ ಫ್ಲಾಪಿಯನ್ನು ಯಾವ ಡ್ರೈವಿಗೂ ಹಾಕಬೇಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ಚಪ್ಪಲಿ, ಪುಸ್ತಕ, ಕ್ಯಾಮರಾದ ಮಸೂರ ಎಲ್ಲಕ್ಕೂ ಬೂಸ್ಟು ಹಿಡಿಯುವುದು ಎಲ್ಲರಿಗೂ ಗೊತ್ತಿದೆ. ಫ್ಲಾಪಿಯ ಕಾಂತೀಯ ತಟ್ಟೆಯ ಮೇಲೂ ಅದು ಬೆಳೆಯುತ್ತದೆ. ಡ್ರೈವಿನ ಓದುವ ತಲೆ ತಟ್ಟೆಯನ್ನು ತಾಗಿಕೊಂಡೇ ಸಾಗುವುದರಿಂದ ಬೂಸ್ಟು ತಲೆಗೆ ಅಂಟಿಕೊಳ್ಳುತ್ತದೆ, ತಟ್ಟೆಯ ಲೇಪವನ್ನು ಕೆರೆಯುತ್ತದೆ, ಮತ್ತು ಅದೇ ಡ್ರೈವಿಗೆ ಮುಂದೆ ಹಾಕುವ ಒಳ್ಳೆಯ ಫ್ಲಾಪಿಗೂ ಗೀರು ಬೀಳುತ್ತದೆ. ಇನ್ನೂ ಬೇರೆ ಫ್ಲಾಪಿಗಳಿದ್ದರೆ ಒಂದೊಂದನ್ನೂ ಹೀಗೆ ಪರೀಕ್ಷಿಸಿ: ಲೋಹದ ಮುಚ್ಚಳವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಹಿಂಬದಿಯ ನಡುವಿನ ಲೋಹದ ಬಿಲ್ಲೆಯನ್ನು ನಿಧಾನವಾಗಿ ತಿರುಗಿಸುತ್ತ, ಓರೆಯಾಗಿ ಬಿದ್ದ ಬೆಳಕಿನಲ್ಲಿ ತಟ್ಟೆಯನ್ನು ಪೂರ್ತಿ ಒಂದು ಸುತ್ತು ನೋಡಿ. ಮಂಜು ಕವಿದಂಥ ಬಿಳಿ ಚುಕ್ಕೆ ಎಲ್ಲಿಯೂ ಇಲ್ಲವೆಂದಾದರೆ ಮಾತ್ರ ಡ್ರೈವಿಗೆ ಹಾಕಿ. ಹಾಕುವ ಮೊದಲು ಮೂಲೆಯ ಪುಟ್ಟ ಜಾರುಗುಂಡಿಯನ್ನು ಸರಿಸಿ ಕಿಂಡಿ ತೆರೆದಿರುವಂತೆ ಮಾಡಿದರೆ ಫ್ಲಾಪಿಯ ಮೇಲೆ ಏನೂ ಬರೆಯಲಾಗದು, ಅಕಸ್ಮಾತ್ತಾಗಿ ಅಳಿಸಿಹೋಗುವ ಭಯವಿರದು. ಕಲೆಯಿರುವ ಫ್ಲಾಪಿಯನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ತಟ್ಟೆಯನ್ನು ಹೊರತೆಗೆದು ಶುಚಿಗೊಳಿಸುವುದು ಸಾಧ್ಯವಿದೆ, ಆದರೆ ಅದು ಅನುಭವಸ್ಥರ ಕೈಯಲ್ಲೇ ಆಗಬೇಕು.

ಇನ್ನು ಆ ಎರರ್‌ನ ವಿಚಾರ. ಟರ್ಬೊ ಸಿಯಲ್ಲಿ ಗ್ರಾಫಿಕ್ಸ್ ಬರೆದವರೆಲ್ಲರಿಗೂ ಇದು ಪರಿಚಿತ. ನಿಮ್ಮ ಆಟದ ಚಿತ್ರಗಳನ್ನು ಪರದೆಗೆ ಬರೆಯುವ ಭಾಗ ಆಟದ ಕಡತದೊಳಗೆ ಇಲ್ಲ. ‘ಇಜಿಎವಿಜಿಎ’ ಹೆಸರಿನ, ಬಿಜಿಐ ಬಾಲದ, ಕೆಲವೇ ಕಿಲೋಬೈಟ್‌ಗಳ ಡ್ರೈವರ್ ಎನ್ನುವ ಪ್ರತ್ಯೇಕ ಕಡತವೊಂದರಲ್ಲಿದೆ. ‘ಇನಿಟ್‌ಗ್ರಾಫ್’ ಎಂಬ ಫಂಕ್ಷನ್ನಿಗೆ ನೀವು ಕೊಟ್ಟ ವಿಳಾಸದಲ್ಲಿ ಆಟವು ಆ ಕಡತವನ್ನು ಹುಡುಕುತ್ತದೆ. ಲ್ಯಾಬಿನ ಯಂತ್ರಗಳಲ್ಲಿ ಅದು ‘ಸಿ’ ಡ್ರೈವಿನ ‘ಟಿಸಿ’ ಫೋಲ್ಡರಿನೊಳಗಿನ ‘ಬಿಜಿಐ’ ಫೋಲ್ಡರಿನಲ್ಲಿದ್ದಿರಬೇಕು. ನೀವು ಆ ವಿಳಾಸವನ್ನೇ ಬರೆದು, ಫ್ಲಾಪಿಗೆ ಆಟವನ್ನು ಮಾತ್ರ ನಕಲಿಸಿಕೊಂಡು ಮನೆಗೆ ತಂದಿದ್ದೀರಿ. ಡ್ರೈವರ್ ಸಿಗದಿದ್ದಾಗ ಗ್ರಾಫಿಕ್ಸ್ ಆರಂಭವಾಗುವುದಿಲ್ಲ, ಅದರ ನಂತರ ಬರುವ ಮೊದಲ ಗೆರೆಯೋ ವೃತ್ತವೋ ಈ ದೂರನ್ನು ಹೇಳಿ ಆಟವನ್ನು ನಿಲ್ಲಿಸುತ್ತದೆ.

ಸಂತೋಷದ ವಿಷಯವೆಂದರೆ, ಕೊಟ್ಟ ವಿಳಾಸದಲ್ಲಿ ಡ್ರೈವರ್ ಸಿಗದಿದ್ದರೆ ಇನಿಟ್‌ಗ್ರಾಫ್ ಆಟವನ್ನು ನಡೆಸುತ್ತಿರುವ ಫೋಲ್ಡರಿನಲ್ಲೂ ಒಮ್ಮೆ ಹುಡುಕುತ್ತದೆ. ಆದ್ದರಿಂದ ಆ ಬಿಜಿಐ ಕಡತವನ್ನು ತಂದು ಆಟದ ಪಕ್ಕದಲ್ಲೇ ಇಟ್ಟರೆ ಸಾಕು. ಟರ್ಬೊ ಸಿ++ನ 1.01 ಆವೃತ್ತಿಯನ್ನು ಅದರ ಕಂಪನಿಯೇ ಹಿಂದೆ ಉಚಿತವಾಗಿ ಬಿಡುಗಡೆ ಮಾಡಿತ್ತು, ಅದರೊಳಗೆ ಈ ಕಡತವಿದೆ. ಆಟವನ್ನು ಬರೆದದ್ದು 3.0 ಆವೃತ್ತಿಯಲ್ಲಾಗಿದ್ದು ಡ್ರೈವರಿನ ಆವೃತ್ತಿ ಹೊಂದುವುದಿಲ್ಲವೆಂಬ ಸೂಚನೆ ಬಂದರೆ, ನಿಮ್ಮ ಕಾಲೇಜಿನ ಹಳೆಯ ಲ್ಯಾಬಿನಲ್ಲಿ ಅಥವಾ ಸಹಪಾಠಿಗಳ ಬಳಿ ವಿಚಾರಿಸಿ. ಆಗಿನ ಟರ್ಬೊ ಸಿ ಫೋಲ್ಡರನ್ನು ಹಾಗೆಯೇ ಇಟ್ಟುಕೊಂಡವರು ಸಿಕ್ಕೇ ಸಿಗುತ್ತಾರೆ.

ಆಟ ತೆರೆದುಕೊಂಡ ಮೇಲೆ ಹಾವು ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡಿ ಗೋಡೆಗೆ ಬಡಿಯಬಹುದು. ಆಗ ಬಹುತೇಕ ವಿದ್ಯಾರ್ಥಿಗಳು ಆಟವನ್ನು ನಿಧಾನಗೊಳಿಸಲು ಏನೂ ಮಾಡದ ‘ಫಾರ್’ ಲೂಪನ್ನು ಸಾವಿರಾರು ಸಲ ಸುತ್ತಿಸುತ್ತಿದ್ದರು. ಲ್ಯಾಬಿನ ಯಂತ್ರಕ್ಕೆ ಅಳತೆಯಾಗಿದ್ದ ಆ ಲೂಪು ವೇಗದ ಯಂತ್ರದಲ್ಲಿ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಡಾಸ್‌ಬಾಕ್ಸಿನಲ್ಲಿ ‘ಸೈಕಲ್ಸ್’ ಎಂಬ ಹೊಂದಾಣಿಕೆಗೆ ನಿಶ್ಚಿತ ಸಂಖ್ಯೆಯನ್ನು ಕೊಡಿ. ಸುಮಾರು 25,000 ಎಂದರೆ 66 ಮೆಗಾಹರ್ಟ್ಸ್‌ನ 486 ಯಂತ್ರದ ಆಸುಪಾಸಿನ ವೇಗ. ಅಲ್ಲಿಂದ ಹಿಂದೆ ಮುಂದೆ ಸರಿಸುತ್ತ ಹೋದರೆ ನಿಮ್ಮ ಬೆರಳುಗಳಿಗೆ ನೆನಪಿರುವ ವೇಗ ಸಿಗುತ್ತದೆ. ಇದನ್ನು ಗೆಳತಿ ಬಂದ ಮೇಲೆ ಇಬ್ಬರೂ ಕೂತು ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು.

ನಿಮ್ಮ ಮಗನಿಗೆ ಮೊದಲ ಸಾಲಿನಲ್ಲೇ ತಪ್ಪು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಪ್ರೋಗ್ರಾಂನ ಆರಂಭದಲ್ಲಿ ಸೇರಿಸಿಕೊಳ್ಳುವ ‘ಐಓಸ್ಟ್ರೀಮ್’ ಎಂಬ ಹೆಡರ್ ಕಡತದ ಹೆಸರಿಗೆ ಚುಕ್ಕೆ ಮತ್ತು ‘ಎಚ್’ ಸೇರಿಸಿ ಬರೆಯುವ ರೂಢಿ 1998ರ ಸಿ++ ಮಾನದಂಡದಲ್ಲಿ ಸೇರಲಿಲ್ಲ. ‘ಗ್ರಾಫಿಕ್ಸ್’, ‘ಕೊನಿಯೊ’ ಹೆಡರ್‌ಗಳು ಆ ಕಾಲದ ಡಾಸ್ ಕಂಪೈಲರಿನ ಸ್ವಂತ ಸೊತ್ತು. ‘ಎಸ್‌ಡಿಎಲ್ ಬಿಜಿಐ’ ಎಂಬ ಉಚಿತ ಸಾಫ್ಟ್‌ವೇರ್ ಗ್ರಂಥಾಲಯ (ಸಿದ್ಧ ಫಂಕ್ಷನ್ನುಗಳ ಸಂಗ್ರಹ) ಆ ಹಳೆಯ ಗ್ರಾಫಿಕ್ಸ್ ಫಂಕ್ಷನ್ನುಗಳನ್ನು ಅದೇ ಹೆಸರುಗಳಲ್ಲಿ ಇಂದಿನ ವಿಂಡೋಸ್ ಮತ್ತು ಲಿನಕ್ಸ್‌ಗಳಿಗೆ ಒದಗಿಸುತ್ತದೆ. ಅದನ್ನು ಬಳಸಿದರೆ ಬಹುಪಾಲು ಸಾಲುಗಳನ್ನು ಮುಟ್ಟದೆಯೇ ಆಟವನ್ನು ಹೊಸದಾಗಿ ಕಟ್ಟಬಹುದು. ಒಂದು ವಿಷಯ ಅವನ ಗಮನದಲ್ಲಿರಲಿ: ಟರ್ಬೊ ಸಿಯಲ್ಲಿ ‘ಇಂಟ್’ 2 ಬೈಟ್‌ನದು, 32,767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಯದು, ಈಗಿನ ಕಂಪೈಲರುಗಳಲ್ಲಿ ಅದು 4 ಬೈಟ್‌ನದು. ಅಂಕಗಳ ಲೆಕ್ಕ ಎಲ್ಲಾದರೂ ಇದನ್ನು ಅವಲಂಬಿಸಿದ್ದರೆ ಆಟದ ನಡವಳಿಕೆ ಬದಲಾಗುತ್ತದೆ. ಅವನು ಮಾಡುವ ತಿದ್ದುಪಡಿಗಳೆಲ್ಲ ಬೇರೆ ಪ್ರತಿಯಲ್ಲಿರಲಿ. 1999ರ ಕಡತಗಳು ಇದ್ದಂತೆಯೇ ಉಳಿಯಲಿ.

ಪ್ರಶ್ನೆ: ಚಿಕ್ಕಪ್ಪ ಕೊಟ್ಟ ‘ಏಜ್ ಆಫ್ ಎಂಪೈರ್ಸ್ 2’ ಸಿಡಿಯನ್ನು ವಿಂಡೋಸ್ 7 ಇರುವ ಹಳೆಯ ಯಂತ್ರದಲ್ಲಿ ಹಾಕಿದರೆ ಹುಲ್ಲು ಕೆಂಪಾಗಿಯೂ ನೀರು ನೇರಳೆಯಾಗಿಯೂ ಕಾಣುತ್ತದೆ. ಅಣ್ಣನ ಹೊಸ ಯಂತ್ರದಲ್ಲಿ ‘ಡೈರೆಕ್ಟ್‌ಪ್ಲೇ’ ಎಂಬ ವಿಂಡೋಸ್ ಭಾಗ ಬೇಕೆಂದು ಕೇಳುತ್ತದೆ. ಸಿಡಿಯ ಮೇಲೂ ಅಲ್ಲಲ್ಲಿ ಮಸುಕಾಗಿದೆ.
— ವಿದ್ಯಾರ್ಥಿ, ಮಣಿಪಾಲ

ಉತ್ತರ: ನಿಮ್ಮದು ವಿಂಡೋಸ್‌ಗಾಗಿಯೇ ಬರೆದ 1999ರ ಆಟವಾದ್ದರಿಂದ ಡಾಸ್‌ಬಾಕ್ಸ್ ಇಲ್ಲಿಗೆ ಸಲ್ಲದು. ಆ ಆಟ ಒಂದು ಸಲಕ್ಕೆ 256 ಬಣ್ಣಗಳನ್ನಷ್ಟೇ ಬಳಸುತ್ತದೆ. ಗೋಡೆಗೆ ಬಣ್ಣ ಬಳಿಯುವವನ ಮುಂದೆ ಸಾಲಾಗಿಟ್ಟ ಸಂಖ್ಯೆ ಬರೆದ ಡಬ್ಬಿಗಳಂತೆ, ಚಿತ್ರದ ಪ್ರತಿ ಚುಕ್ಕೆಯೂ ಒಂದು ಸಂಖ್ಯೆಯನ್ನು ಮಾತ್ರ ಹೇಳುತ್ತದೆ, ಆ ಸಂಖ್ಯೆಗೆ ಯಾವ ಬಣ್ಣವೆಂಬುದು ಬೇರೊಂದು ಪಟ್ಟಿಯಲ್ಲಿರುತ್ತದೆ. ವಿಂಡೋಸ್ 7ರಲ್ಲಿ ಹಿನ್ನೆಲೆಯಲ್ಲಿರುವ ಡೆಸ್ಕ್‌ಟಾಪ್ ಆ ಪಟ್ಟಿಯ ಕೆಲವು ಜಾಗಗಳನ್ನು ತನ್ನ ಬಣ್ಣಗಳಿಂದ ತುಂಬಿಬಿಡುವುದರಿಂದ ಹುಲ್ಲಿನ ಸಂಖ್ಯೆಗೆ ಕೆಂಪು ಬಂದು ಕೂರುತ್ತದೆ. ‘ಸಿಎನ್‌ಸಿ ಡಿಡ್ರಾ’ ಎಂಬ ಉಚಿತ ತಂತ್ರಾಂಶದ ಕಡತಗಳನ್ನು ಆಟದ ಫೋಲ್ಡರಿನಲ್ಲಿಟ್ಟರೆ ಆಟವು ವಿಂಡೋಸ್‌ನ ಹಳೆಯ ಡೈರೆಕ್ಟ್‌ಡ್ರಾವನ್ನು ಬಿಟ್ಟು ಅದರ ಮೂಲಕ ಚಿತ್ರ ಬರೆಯುತ್ತದೆ, ಬಣ್ಣಗಳು ಸರಿಯಾಗುತ್ತವೆ. ಹೊಸ ಯಂತ್ರದಲ್ಲಿ ಕಂಟ್ರೋಲ್ ಪ್ಯಾನೆಲಿನ ‘ವಿಂಡೋಸ್ ಫೀಚರ್ಸ್’ ಪಟ್ಟಿ ತೆರೆದು ‘ಲೆಗಸಿ ಕಾಂಪೊನೆಂಟ್ಸ್’ ಅಡಿಯಲ್ಲಿರುವ ಡೈರೆಕ್ಟ್‌ಪ್ಲೇಗೆ ಗುರುತು ಹಾಕಿ.

ಸಿಡಿಯನ್ನು ಮೆತ್ತಗಿನ ಒಣ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸುತ್ತ ಒರೆಸಬೇಡಿ. ದತ್ತಾಂಶ ಇರುವುದು ಸುರುಳಿಯಾಗಿ. ಸುತ್ತುಗೀರು ಬಿದ್ದರೆ ಒಂದೇ ಕಡೆಯ ಉದ್ದನೆಯ ಭಾಗ ಕೆಡುತ್ತದೆ, ಅಡ್ಡಗೀರನ್ನು ಡ್ರೈವಿನ ತಪ್ಪು ತಿದ್ದುವ ವ್ಯವಸ್ಥೆ ಬಹುಮಟ್ಟಿಗೆ ದಾಟಿಸುತ್ತದೆ. ಓದಿದ ತಕ್ಷಣ ಸಿಡಿಯ ಪೂರ್ಣ ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಮಾಡಿಡಿ. ಆಗಿನ ಕೆಲವು ಆಟಗಳ ಸಿಡಿಗಳಲ್ಲಿ, ಉದಾಹರಣೆಗೆ 1996ರ ‘ಕ್ವೇಕ್’ನಲ್ಲಿ, ಸಂಗೀತವು ಸಾಮಾನ್ಯ ಹಾಡಿನ ಸಿಡಿಯಂತೆ ಪ್ರತ್ಯೇಕ ಹಾದಿಗಳಲ್ಲಿರುತ್ತದೆ, ‘ಐಎಸ್‌ಓ’ ರೂಪದ ಪ್ರತಿಯಲ್ಲಿ ಆ ಹಾದಿಗಳು ಬಿಟ್ಟುಹೋಗಿ ಆಟ ಮೂಕವಾಗುತ್ತದೆ. ಅಂಥವುಗಳಿಗೆ ‘ಬಿನ್’ ಮತ್ತು ‘ಕ್ಯೂ’ ಜೋಡಿಯ ರೂಪವೇ ಆಗಬೇಕು.

2000ದ ನಂತರದ ಇನ್ನಷ್ಟು ಸಿಡಿಗಳು ನಿಮ್ಮ ಚಿಕ್ಕಪ್ಪನ ಬಳಿ ಇದ್ದರೆ, ಅವುಗಳಲ್ಲಿ ‘ಸೇಫ್‌ಡಿಸ್ಕ್’ ಎಂಬ ನಕಲು ತಡೆ ಇರುವಂಥವು ಎಷ್ಟು ಶುಭ್ರವಾಗಿದ್ದರೂ ವಿಂಡೋಸ್ 10 ಮತ್ತು 11ರಲ್ಲಿ ತೆರೆಯವು. ಅದರ ಡ್ರೈವರಿನಲ್ಲಿ ಸುರಕ್ಷತೆಯ ದೋಷವಿದ್ದುದರಿಂದ ಮೈಕ್ರೋಸಾಫ್ಟ್ 2015ರಲ್ಲಿ ಅದನ್ನು ಕೈಬಿಟ್ಟಿತು. ಆ ಡ್ರೈವರನ್ನು ಎಲ್ಲಿಂದಲೋ ತಂದು ಹಾಕುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ. ನಿಮ್ಮ ಉದ್ದೇಶ ಆಟ ಆಡುವುದಷ್ಟೇ ಆಗಿದ್ದರೆ 2019ರಲ್ಲಿ ಬಂದ ‘ಡೆಫಿನಿಟಿವ್ ಎಡಿಷನ್’ ಕೊಂಡುಕೊಳ್ಳುವುದು ಸುಲಭದ ದಾರಿ. ಚಿಕ್ಕಪ್ಪ ಆಡಿದ ಅದೇ ಆಟ ಬೇಕೆಂದರೆ ಮೇಲಿನ ಶ್ರಮ ಸಾರ್ಥಕವೇ.

ಪ್ರಶ್ನೆ: ಮಾರಾಟವೇ ನಿಂತುಹೋಗಿರುವ ಹಳೆಯ ಆಟಗಳನ್ನು ಅಂತರ್ಜಾಲದಿಂದ ಉಚಿತವಾಗಿ ಇಳಿಸಿಕೊಳ್ಳುವುದು ತಪ್ಪೇ?
— ಓದುಗರು, ಸುರತ್ಕಲ್

ಉತ್ತರ: ಮಾರಾಟ ನಿಂತ ಮಾತ್ರಕ್ಕೆ ಹಕ್ಕು ಮುಗಿಯುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಗಳ ಸಾಲಿಗೆ ಸೇರುತ್ತದೆ, ಅದರ ರಕ್ಷಣೆ ದಶಕಗಳ ಕಾಲ ಉಳಿಯುತ್ತದೆ. ಅದೇ ಕಾಯ್ದೆಯ 52ನೆಯ ವಿಭಾಗ, ನ್ಯಾಯವಾಗಿ ತನ್ನದಾದ ಪ್ರತಿಯನ್ನು ಹೊಂದಿರುವವನು ಅದು ನಾಶವಾದೀತೆಂಬ ಮುನ್ನೆಚ್ಚರಿಕೆಗಾಗಿ ನಕಲು ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಮೇಲಿನ ಉತ್ತರಗಳಲ್ಲಿ ಪ್ರತಿ ಮಾಡಿಡಿ ಎಂದದ್ದು ಈ ಆಧಾರದ ಮೇಲೆ. ನಿಮ್ಮಲ್ಲಿ ಮೂಲ ಪ್ರತಿ ಇಲ್ಲವಾದರೆ, ಹಳೆಯ ಆಟಗಳನ್ನು ಡಾಸ್‌ಬಾಕ್ಸಿನೊಂದಿಗೇ ಸಿದ್ಧಪಡಿಸಿ ಮಾರುವ ‘ಜಿಓಜಿ’ಯಂಥ ಮಳಿಗೆಗಳು 2008ರಿಂದ ಇವೆ, ಮೊದಲು ಅಲ್ಲಿ ಹುಡುಕಿ. ಹಕ್ಕುದಾರರೇ ಹಂಚಲು ಬಿಟ್ಟವೂ ಇವೆ: 1993ರ ‘ಡೂಮ್’ ಆಟದ ಮೊದಲ ಭಾಗವನ್ನು ಎಲ್ಲರೂ ಉಚಿತವಾಗಿ ಹಂಚಿಕೊಳ್ಳಲೆಂದೇ ಬಿಡುಗಡೆ ಮಾಡಲಾಗಿತ್ತು, 1997ರಲ್ಲಿ ಅದರ ಮೂಲ ಪ್ರೋಗ್ರಾಂನ್ನೂ ಬಹಿರಂಗಗೊಳಿಸಲಾಯಿತು, ಹಾಗಾಗಿ ಇಂದು ಅದು ಯಾವ ಯಂತ್ರದಲ್ಲೂ ಸುಲಭವಾಗಿ ನಡೆಯುತ್ತದೆ. ಉಚಿತ ಆಟವೆಂದು ತೋರಿಸಿ ಬೇರೇನನ್ನೋ ಯಂತ್ರದೊಳಗೆ ಇಳಿಸುವ ತಾಣಗಳು ಸಾಕಷ್ಟಿವೆ. ಡಾಸ್‌ಬಾಕ್ಸನ್ನೂ, ಇಲ್ಲಿ ಹೆಸರಿಸಿದ ಉಳಿದ ತಂತ್ರಾಂಶಗಳನ್ನೂ ಅವನ್ನು ಸಿದ್ಧಪಡಿಸಿದವರ ಅಧಿಕೃತ ಪುಟದಿಂದಲೇ ಪಡೆದುಕೊಳ್ಳಿ.